ನಯದನಿ ನುಂಗಿದ ಮಾತು

ಇಳಕಲ್ಲು, ಫೆಬ್ರವರಿ ೩೦, ೨೧೯೪

ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದ ತಂದೆ-ತಾಯಿಗಳೇ, ಮಾಸ್ತರರೇ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾಚಿಕೆ ಮಾತ್ರ ನಿಮಗೂ ಗೊತ್ತಿರುವಂಥದ್ದೇ.

ನೀವು ಶಾಲೆಯ ಗೇಟಿನಲ್ಲಿ ನಿಂತು ಮಾಸ್ತರರ ಜೊತೆ ಜಗಳವಾಡುತ್ತಿದ್ದಿರಂತೆ. ನಮ್ಮಲ್ಲಿ ಜಗಳವೇ ಇಲ್ಲ. ಮನೆಗೂ ಶಾಲೆಗೂ ನಡುವೆ ‘ನಯದನಿ’ ಇದೆ, ಅಡುಗೆಮನೆಯ ಗೋಡೆಗೆ ಹಾಕಿದ ಅಂಗೈಯಗಲದ ಯಂತ್ರ. ಮಾಸ್ತರರು ಹೇಳಿದ್ದನ್ನು ಯಾರ ಮನಸ್ಸೂ ನೋಯದಂತೆ ನಯಮಾಡಿ ನಮಗೆ ತಿಳಿಸುತ್ತದೆ, ನಮ್ಮದನ್ನು ಹಾಗೆಯೇ ಅವರಿಗೆ. ದಿನಾ ಸಂಜೆ ರೊಟ್ಟಿ ಬಡಿಯುತ್ತ ಕೇಳುತ್ತೇನೆ. ನೇರವಾಗಿ ಮಾತಾಡುವುದನ್ನು ನಾವು ಒರಟುತನ ಅನ್ನುತ್ತೇವೆ. ನನ್ನ ಮಗಳಿಗೆ ಕಲಿಸುವ ರಾಚಯ್ಯ ಮಾಸ್ತರರ ಮನೆ ನಮ್ಮ ಓಣಿಯಲ್ಲೇ ಇದೆ. ಎದುರಾದರೆ ಮುಗುಳ್ನಕ್ಕು ಸರಿದುಹೋಗುತ್ತೇವೆ. ಸಂಸ್ಕಾರವಂತೆ ಸಂಸ್ಕಾರ, ಅದರ ಮನೆ ಹಾಳಾಗ!

ಈ ವರ್ಷವಿಡೀ ನಯದನಿ ನನಗೆ ಹೇಳಿದ್ದು, ‘ನೀಲವ್ವ ತರಗತಿಯಲ್ಲಿ ತನ್ನದೇ ಲೋಕದಲ್ಲಿ ಖುಷಿಯಾಗಿದ್ದಾಳೆ’ ಎಂದು. ಏಳು ವರ್ಷದ ಮಗಳು, ಕೇಳಿ ಹಿಗ್ಗಿದೆ. ‘ಮನೆಯಲ್ಲಿ ಕರೆದರೆ ಮಗಳು ತಿರುಗಿಯೂ ನೋಡುವುದಿಲ್ಲ, ಏನು ಕಲಿಸುತ್ತೀರಿ?’ ಎಂದು ನಾನು ಬೈದರೆ, ಮಾಸ್ತರರಿಗೆ ಮುಟ್ಟಿದ್ದು, ‘ಮಗು ಮನೆಯಲ್ಲಿ ಶಾಂತವಾಗಿದೆ, ಧನ್ಯವಾದ.’

ಮೊನ್ನೆ ನೀರಿನ ಬಂಡಿ ಗಂಟೆ ಬಾರಿಸುತ್ತ ಹಿಂದಿನಿಂದ ಬಂದರೂ ನೀಲವ್ವ ಸರಿಯಲಿಲ್ಲ. ರಾಚಯ್ಯ ಮಾಸ್ತರರು ಓಡಿಬಂದು ಅವಳನ್ನು ಎಳೆದುಕೊಂಡರು. ಆಮೇಲೆ ನಡುಬೀದಿಯಲ್ಲೇ ನನ್ನ ಮೇಲೆ ರೇಗಿದರು: “ಯವ್ವಾ, ಹುಡುಗಿಗೆ ಕಿವಿ ಕೇಳಂಗಿಲ್ಲ ಅಂತ ಎಷ್ಟ್ ಸಲ ಹೇಳ್ಲಿ ನಿಮಗ?”

“ನನಗ್ಯಾವಾಗ ಹೇಳೀರಿ?” ಎಂದೆ.

ನಡುವೆ ನಯದನಿ ಮಾಡಿದ್ದೇನೆಂದು ಇಬ್ಬರಿಗೂ ಆಗ ಹೊಳೆಯಿತು. ಅವರು ತಲೆ ತಗ್ಗಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆತ್ತವಳು ನಾನು, ಯಂತ್ರ ಹೊಗಳಿತೆಂದು ಸುಮ್ಮನಿದ್ದೆ.

ಬೇಗ ಬಂದಿದ್ದರೆ ಎರಡೂ ಕಿವಿ ಉಳಿಯುತ್ತಿದ್ದವು ಎಂದರು ಡಾಕ್ಟರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ನಾಳೆ ಶಸ್ತ್ರಚಿಕಿತ್ಸೆ. ಮಾಸ್ತರರೂ ಜೊತೆಗೆ ಬರುತ್ತಾರೆ. ಇವತ್ತು ನಮ್ಮಲ್ಲೇ ಕೂತು ರೊಟ್ಟಿ ತಿಂದರು, ಅವಳು ತರಗತಿಯಲ್ಲಿ ತುಟಿ ನೋಡಿ ಪಾಠ ಕಲಿತದ್ದನ್ನೆಲ್ಲ ಹೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಯಂತ್ರ ಕಟ್ಟಲು ಹೊರಟರೆ ಬೇಡ ಅನ್ನಿ. ಗೇಟಿಗೆ ಹೋಗಿ, ಜಗಳವಾಡಿ, ಬೈಸಿಕೊಳ್ಳಿ. ಮಗುವಿನ ವಿಷಯ ಪೂರ್ತಿ ಕೇಳಿಸಿಕೊಂಡೇ ಮನೆಗೆ ಬನ್ನಿ.

ಇದನ್ನು ಬರೆಯುವಾಗ ನೀಲವ್ವ ನನಗೆ ಬೆನ್ನುಮಾಡಿ ಆಡುತ್ತಿದ್ದಾಳೆ. ಈಗಷ್ಟೇ, ತಪ್ಪಾಯ್ತವ್ವಾ ಎಂದು ಜೋರಾಗಿಯೇ ಹೇಳಿದೆ. ಅವಳು ತಿರುಗಲಿಲ್ಲ.

ಗಂಗಾಂಬಿಕೆ,
ನೀಲವ್ವನ ತಾಯಿ