ಮಾಳಿಂಗರಾಯ ಎಲ್ಲಿದ್ದ?

೧೪ ಮಾರ್ಚ್ ೨೦೧೩, ಗುರುವಾರ

ಪಕ್ಕದ ಮನೆಯ ಲಕ್ಷ್ಮವ್ವನ ಮಣ್ಣು ಇಂದು ಮಗನಿಲ್ಲದೆ ಮುಗಿಯಿತು. ಸಿಟ್ಟು ಇಳಿಯುತ್ತಿಲ್ಲ. ಮಗ ಮಾಳಿಂಗರಾಯ ಸರಕಾರಿ ನೀರಾವರಿ ಗುತ್ತಿಗೆದಾರನ ಕೂಲಿ; ಅವನ ಬಳಿ ಫೋನಿಲ್ಲ. ಸಾವಿನ ಸುದ್ದಿ ಮುಟ್ಟಿಸಲು ಅವನೆಲ್ಲಿದ್ದಾನೆಂದು ಕೇಳಲು ಬೆಳಗ್ಗೆ ಅವನ ಹೆಂಡತಿ ಪದ್ಮವ್ವನೊಂದಿಗೆ ಗುತ್ತಿಗೆದಾರನ ಕಚೇರಿಗೆ ಹೋದೆ.

“ಹೆಸರೈತ್ರಿ. ಯಾವ ಜಾಗಾದಾಗ ಅದಾನಂತ ಬರಿಯೂದಿಲ್ರಿ,” ಎಂದ ಗುಮಾಸ್ತ, ಕೆಲಸದ ಪುಸ್ತಕ ತೆರೆದು. ಅದೇ ಪುಸ್ತಕದಲ್ಲಿ ಒಂದೊಂದು ಪೈಪನ್ನೂ ಎಲ್ಲಿ ಹೂತರೆಂದು ಬರೆದಿತ್ತು.

“ಪೈಪಿಗಿಂತ ಕಡಿಮಿ ಏನಲೇ ನನ್ನ ಗಂಡ?” ಎಂದಳು ಪದ್ಮವ್ವ.

“ಪೈಪಿಂದು ಸರಕಾರ ಕೇಳತೈತಿ ಬೇ.”

೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗಲೇ ಅರ್ಜಿ ಕೊಟ್ಟಿದ್ದೆ, ಕೂಲಿಗಳು ಎಲ್ಲಿ ದುಡಿಯುತ್ತಾರೆಂದು ಗುತ್ತಿಗೆದಾರರಿಂದ ಬರೆಸಿಕೊಳ್ಳಿ ಎಂದು. ಉತ್ತರವೇ ಇಲ್ಲ.

ಸಂಜೆಯವರೆಗೆ ಕಾದು ಮಣ್ಣು ಮಾಡಿದೆವು. ಆಮೇಲೆ ಯಾರಿಂದಲೋ ಸುದ್ದಿ ತಿಳಿದು ಮಾಳಿಂಗರಾಯ ಓಡಿಬಂದ. ಇಲ್ಲೇ ಸಮೀರವಾಡಿ ದಾರಿಯಲ್ಲಿ ಪೈಪು ಹೂಳುತ್ತಿದ್ದನಂತೆ.

“ನಮ್ಮವ್ವನ್ನ ಎಲ್ಲಿ ಇಟ್ಟೀರಿ?” ಎಂದು ಕೇಳಿದ.

ಕರೆದೊಯ್ದು ತೋರಿಸಿದೆ. ನಾಳೆ ಮತ್ತೆ ಅರ್ಜಿ ಬರೆಯಬೇಕು.