ಶೇಂಗಾ ಬೆಲ್ಲದ ರಸಾಯನ

ಗೋಕಾಕ, ೯ ಮಾರ್ಚ್ ೧೯೩೭

ಮಾನ್ಯ ಹೆಡ್‌ಮಾಸ್ತರರ ಸನ್ನಿಧಿಗೆ,

ರಸಾಯನ ಕಲಿಸುವ ಉದ್ದಪ್ಪನ ಬಿನ್ನಹ.

ಬಾಜೂ ಕೋಣೆಯ ಹೊಸ ಮಾಸ್ತರ ಹೊಳೆಪ್ಪನವರು ರಸಾಯನದ ಪಾಠಕ್ಕೆ ಶೇಂಗಾ, ಬೆಲ್ಲ ತರುತ್ತಾರೆ. ನೆಲದ ತುಂಬ ಇರುವೆ. ಹುಡುಗರ ನಗುವಿನಲ್ಲಿ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ. ಇದನ್ನು ನಿಲ್ಲಿಸಿರೆಂದು ನಿನ್ನೆಯೇ ಬರೆಯುವವನಿದ್ದೆ.

ಆದರೆ ನಿನ್ನೆ ಊಟದ ಹೊತ್ತಿಗೆ, ಅವರ ತರಗತಿಯಲ್ಲಿರುವ ನನ್ನ ಮಗ ದುಂಡಪ್ಪ ಎರಡು ಶೇಂಗಾ, ಒಂದು ಚೂರು ಬೆಲ್ಲ ಅರಿವೆಯಲ್ಲಿ ಕಟ್ಟಿ ತಾಯಿಗೆ ತೋರಿಸಿದ.

“ಯವ್ವಾ, ಶೇಂಗಾ ಅಂದ್ರ ಜಲಜನಕ, ಬೆಲ್ಲ ಅಂದ್ರ ಆಮ್ಲಜನಕ. ಈ ಗಂಟು ನೀರು. ಸೂತ್ರದಾಗ ಕೆಳಗಿನ ಸಣ್ಣ ಅಂಕಿ ಗಂಟಿನೊಳಗ ಎಷ್ಟೈತಿ ಅಂತ ಹೇಳತೈತಿ. ಎಡಕ್ಕ ಬರಿಯೂ ದೊಡ್ಡ ಅಂಕಿ, ಅಂಥಾ ಗಂಟು ಎಷ್ಟು ಅಂತ. ಗಂಟು ಬಿಚ್ಚಿ ಇನ್ನೊಂದು ಬೆಲ್ಲ ಹಾಕಿದ್ರ ಅದು ನೀರಲ್ಲ.”

“ಹಂಗಾರ ಮೂರು ನೀರಿಗೆ ಆರು ಶೇಂಗಾ, ಮೂರು ಬೆಲ್ಲ,” ಎಂದಳು ನನ್ನ ಹೆಂಡತಿ ಚನ್ನವ್ವ. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟ ಸಸಾರ ಐತಿ. ನೀವ್ಯಾಕ ಒಮ್ಮೆನೂ ಹೇಳಲಿಲ್ರಿ?” ಎಂದು ಕೇಳಿದಳು.

ನಾನು ಇಷ್ಟು ವರ್ಷ ಇದೇ ಪಾಠವನ್ನು ಬಾಯಿಪಾಠ ಮಾಡಿಸಿದವನು. ಹೊಳೆಪ್ಪನವರ ಹೆಸರು ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಕೇಳುವುದಿಷ್ಟೇ. ಅವರ ರಸಾಯನದ ತಾಸಿನಲ್ಲಿ ನನಗೆ ಬಿಡುವು ಕೊಡಿ; ನನ್ನ ಕೋಣೆಯಲ್ಲೇ ಕೂತಿರುತ್ತೇನೆ. ನಮ್ಮಿಬ್ಬರ ಕೋಣೆಗಳ ನಡುವಿನ ಬಾಗಿಲು ತೆರೆದಿಡಲು ಅವರಿಗೆ ಹೇಳಿ. ಕಾರಣ ಕೇಳಿದರೆ, ಸೆಕೆ ಬಹಳ ಎಂದರೆ ಸಾಕು.

ತಮ್ಮ ಅಪ್ಪಣೆಯ ದಾರಿ ನೋಡುವ,
ಉದ್ದಪ್ಪ ಮಾಸ್ತರ