ನುಸಿಗುಳಿಗೆಯಿಲ್ಲದ ಮನೆ

ಜೂನ್ 4

ನಾಟಕಕ್ಕೆ ಬಾಡಿಗೆಗೆ ಹೋಗಿದ್ದ ರಾಜನ ಪೋಷಾಕು ಅಂಗಡಿಗೆ ವಾಪಸ್ ಬಂತು. ಎದೆಯ ಮೇಲೆ ಟೀ ಕಲೆ. ಒಗೆಸಿ, ನುಸಿಗುಳಿಗೆ ಹಾಕಿ ಪೆಟ್ಟಿಗೆಗೆ ಸೇರಿಸಿದ್ದಾಯಿತು.

ಮಗಳಿಗೆ ದಿನ ತುಂಬುತ್ತಿದೆ. ಕೂಸಿನ ಅಂಗಿ, ಟೋಪಿ, ಹೊದಿಕೆ ಎಲ್ಲ ಹೊಲಿಸಿಟ್ಟೆ. ಅಂಗಡಿಯ ಬಟ್ಟೆಗೆ ಒಂದು ಹಿಡಿ ಗುಳಿಗೆಯಾದರೆ ಇದಕ್ಕೆ ಎರಡು.

ಮೈ ಯಾಕೋ ಬಿಸಿ. ಮಲೇರಿಯಾ ಇರಲಾರದು. ಬೀದಿಗೆ ಬೀದಿಯೇ ಮಲಗಿದಾಗಲೂ ನನ್ನ ಹತ್ತಿರ ಸುಳಿಯಲಿಲ್ಲ. ಸೊಳ್ಳೆಗೆ ನನ್ನ ರಕ್ತ ಹಿಡಿಸುವುದಿಲ್ಲ.

ಜೂನ್ 7

ಮಲೇರಿಯಾನೇ.

"ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಏನು ಜಂಬ ಕೊಚ್ಚಿಕೊಳ್ತಿದ್ರಿ," ಎಂದಳು ನನ್ನ ಹೆಂಡತಿ. ಅಂದಾದ ಮೇಲೆ ಇನ್ನೊಂದು ಕಂಬಳಿ ಹೊದಿಸಿದಳು.

ಜೂನ್ 11

ಜ್ವರ ಇಳಿದಿದೆ. ಮತ್ತೆ ಮರುಕಳಿಸದಂತೆ ಒಂದು ಮಾತ್ರೆ ಇದೆಯಂತೆ. ಅದಕ್ಕೂ ಮುಂಚೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ನನಗೆ ಒಂದು ಎನ್‌ಜೈಮ್ ತೀರಾ ಕಡಿಮೆ. ಅಮ್ಮನಿಂದ ಬಂದದ್ದು.

"ಈ ಕೊರತೆ ಇರೋರಿಗೆ ಮಲೇರಿಯಾ ಅಷ್ಟು ಜೋರಾಗಿ ಹಿಡಿಯದೇ ಇರಬಹುದು. ಆದ್ರೆ ಆ ಮಾತ್ರೆ ದಿನಾ ತಗೊಂಡ್ರೆ ರಕ್ತದ ಕಣ ಒಡೆಯುತ್ತೆ. ಬೇರೆ ದಾರಿ ನೋಡೋಣ."

ಹಿಗ್ಗಿದೆ. ಸೊಳ್ಳೆಯ ವಿಷಯದಲ್ಲಿ ಅರ್ಧವಾದರೂ ಗೆದ್ದೆನಲ್ಲ...

"ಹೆಣ್ಣು ಮಕ್ಕಳಿದ್ದಾರಾ?"

"ಒಬ್ಬಳು. ಈಗ ತುಂಬು ಬಸುರಿ."

"ಅವರಿಗೆ ನಿಮ್ಮಿಂದ ಬಂದೇ ಇರುತ್ತೆ. ಗಂಡು ಕೂಸಾದ್ರೆ ಅದಕ್ಕೂ ಇರಬಹುದು, ಅರ್ಧಕ್ಕರ್ಧ. ಭಯ ಬೇಡ. ಆದ್ರೆ ಮನೇಲಿ ನುಸಿಗುಳಿಗೆ ಮಾತ್ರ ಇಡಬೇಡಿ. ಅದು ಹಾಕಿದ ಬಟ್ಟೆ ಹೊದಿಸಿದ್ರೆ ಇಂಥ ಕೂಸಿನ ರಕ್ತದ ಕಣವೂ ಹಾಗೇ ಒಡೆದು, ಕಾಮಾಲೆ ಏರಿ ಮೆದುಳಿಗೇ ಕುತ್ತು."

ಎರಡು ಹಿಡಿ ಹಾಕಿದ್ದೇನೆ. ಈ ಕೈಯಿಂದಲೇ.

ಜೂನ್ 12

ಅಂಗಡಿ ಕೆಳಗೆ, ಮನೆ ಮೇಲೆ, ಗುಳಿಗೆ ಎರಡೂ ಕಡೆ. ಅಳಿಯ ಮೂಗಿಗೆ ಟವೆಲ್ ಕಟ್ಟಿಕೊಂಡು ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಗುಳಿಗೆಗಳನ್ನು ಹೊರಗೆಸೆದು, ದೂರದ ಗೋದಾಮಿಗೆ ಸಾಗಿಸಿದ. ಕೂಸಿನ ಬಟ್ಟೆ ಅಷ್ಟನ್ನೂ ಬಿಸಾಡಿದೆವು. ಟೈಲರ್‌ಗೆ ಹೊಸದಾಗಿ ಹೇಳಿದೆ.

"ಗುಳಿಗೆ ಇಲ್ದೆ ಪೋಷಾಕೆಲ್ಲ ನುಸಿ ತಿಂದ್ರೆ?" ಇವಳ ಪ್ರಶ್ನೆ.

"ತಿನ್ನಲಿ. ತೋಳಿಲ್ದೇ ಇದ್ರೂ ರಾಜ ರಾಜನೇ."

ಧೈರ್ಯವಾಗಿ ಅಂದೆ. ಆಮೇಲೆ ಖಾಲಿ ಕಪಾಟನ್ನು ಇನ್ನೊಮ್ಮೆ ಮೂಸಿ ನೋಡಿದೆ.

ಜೂನ್ 29

ಗಂಡು!

ಜುಲೈ 3

ರಿಪೋರ್ಟ್ ಬಂತು. ಅವನಿಗೂ ಆ ಎನ್‌ಜೈಮ್ ಕಡಿಮೆ. ಸ್ವಲ್ಪ ಹಳದಿ ಇದೆ, ದೀಪದ ಕೆಳಗೆ ಮಲಗಿಸಿದ್ದಾರೆ. ಇಳಿಯುತ್ತಿದೆಯಂತೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ. ಮಗಳು ನೋಡಿಬಿಟ್ಟಳು.

"ನಾನೇ ಕೊಟ್ಟಿದ್ದು ಕಣಮ್ಮಾ."

"ಮೂಗೂ ನಿಮ್ಮದೇ ಕೊಟ್ಟಿದ್ದೀರಪ್ಪ. ಅಳೋದಾದ್ರೆ ಅದಕ್ಕೆ ಅಳಿ."

ಜುಲೈ 9, ಬೆಳಿಗ್ಗೆ

ಮನೆಗೆ ಬಂದಿದ್ದಾನೆ. ಸೊಳ್ಳೆಪರದೆ ಕಟ್ಟಿದ್ದೇನೆ, ಅವನಿಗೊಂದು, ನನಗೊಂದು. ಗೋದಾಮಿನಲ್ಲಿ ನುಸಿ ಸೇನಾಪತಿಯ ಬೆನ್ನು ತಿಂದಿದೆ. ಮುಂದಿನಿಂದ ಗೊತ್ತಾಗುವುದಿಲ್ಲ.

ಮಗಳು ಈಗಷ್ಟೇ ಕೂಸನ್ನು ನನ್ನ ಮಡಿಲಿಗೆ ಹಾಕಿ ಸ್ನಾನಕ್ಕೆ ಹೋದಳು. ಹಳದಿ ಎಲ್ಲೂ ಇಲ್ಲ. ಕೆಂಪು ಕೆಂಪು, ಸಿಟ್ಟಿನ ಮುಖ. ಬರೆಯುವ ಬೆರಳನ್ನೇ ಹಿಡಿದುಕೊಂಡಿದ್ದಾನೆ. ಬಿಡಿಸಿಕೊಳ್ಳಬಹುದು, ಆದರೆ...